ಕಾಲೊತ್ತುವ ಸೇವೆ

ಹೊಳೆಯ ದಂಡೆಯ ಆಶ್ರಮದಲ್ಲಿ ಚರಂತಯ್ಯನವರೆಂಬ ಗುರುಗಳಿದ್ದರು. ಸಂಜೆ ಅವರ ಕಾಲೊತ್ತುವ ಸೇವೆ ಶಿಷ್ಯ ಸೋಮಲಿಂಗನದು. ಒಂಬತ್ತು ವರ್ಷದಿಂದ ಆ ಸೇವೆಯನ್ನು ಅವನು ಇನ್ನೊಬ್ಬರಿಗೆ ಬಿಟ್ಟುಕೊಟ್ಟವನಲ್ಲ.

ಒಂದು ಮುಂಜಾನೆ ಗುರುಗಳು ಸ್ನಾನಕ್ಕೆ ಇಳಿಯುವಾಗ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಎಡತೊಡೆಗೆ ಪೆಟ್ಟಾಯಿತು. ತಾವೇ ಎದ್ದು, ಕುಂಟುತ್ತ ಬಂದು, ಏನೂ ಆಗಿಲ್ಲವೆಂದು ಪೂಜೆಗೆ ಕುಳಿತರು.

ಕಾರ್ತೀಕದಲ್ಲಿ ಏಳು ಹಳ್ಳಿ ನಡೆದು ಭಿಕ್ಷೆ ಬೇಡುವುದು ಅವರ ವ್ರತ. ಅದಕ್ಕಿನ್ನು ಅರ್ಧ ತಿಂಗಳಷ್ಟೇ ಇತ್ತು. ಅಷ್ಟರೊಳಗೆ ಕಾಲು ಸರಿಪಡಿಸುತ್ತೇನೆಂದು ಸೋಮಲಿಂಗ ಹಠ ತೊಟ್ಟ.

ಹರಳೆಣ್ಣೆ ಬಿಸಿಮಾಡಿ ಹಚ್ಚಿದ. ಎಂದಿಗಿಂತ ಬಲವಾಗಿ ಒತ್ತಿದ. ಗುರುಗಳು ಕಾಲನ್ನು ಎಳೆದುಕೊಂಡರು. ಅವನು ಮೆಲ್ಲಗೆ ಹಿಡಿದು ಮತ್ತೆ ತನ್ನ ಮಡಿಲಲ್ಲಿಟ್ಟುಕೊಂಡ.

ಎಂಟನೆಯ ದಿನಕ್ಕೆ ತೊಡೆ ಊದಿ ಕೆಂಪಾಯಿತು. ಮುಟ್ಟಿದರೆ ಸುಡುತ್ತಿತ್ತು.

ಆಶ್ರಮಕ್ಕೆ ಮಜ್ಜಿಗೆ ತಂದುಕೊಡುವ ಕಲ್ಲವ್ವ ಅದನ್ನು ಕಂಡಳು. ತನ್ನ ಎಮ್ಮೆಯ ಕಾಲು ಹೀಗಾಗಿದ್ದರೆ ತಾನು ಕೈ ಹಚ್ಚುತ್ತಿರಲಿಲ್ಲ, ಮದ್ದು ಕೊಡುವ ಪಂಡಿತರನ್ನು ಕರೆಸಿರಿ ಎಂದಳು.

"ಎಮ್ಮೆಯ ಕಾಲೂ ಗುರುಗಳ ಕಾಲೂ ಒಂದೇ ಏನು ಕಲ್ಲವ್ವಾ?"

"ಕಾಲು ಬೇರೆ ಸಾಮೇರ. ನೋವು ಬೇರೆ ಇರ್ತದೇನು?"

ಗುರುಸೇವೆಯ ಸಂಗತಿ ನಿನಗೇನು ಗೊತ್ತು ಎಂದು ಸೋಮಲಿಂಗ ಅವಳನ್ನು ಸಾಗಹಾಕಿದ. ಗುರುಗಳು ಕಣ್ಣು ಮುಚ್ಚಿಕೊಂಡೇ ಎಲ್ಲ ಕೇಳಿಸಿಕೊಂಡರು.

ಆ ಸಂಜೆಯೂ ಸೇವೆ ನಡೆಯಿತು.

ಮತ್ತೆ ಮೂರು ದಿನಕ್ಕೆ ಗುರುಗಳ ಮೈ ಕೆಂಡದಂತಾಯಿತು, ಮಾತು ತೊದಲಿತು. ಆಗ ಪಂಡಿತರನ್ನು ಕರೆತಂದರು.

ಪಂಡಿತರು ತೊಡೆಯನ್ನು ಒತ್ತಿ ನೋಡಲಿಲ್ಲ. ಹಿಂಗೈಯನ್ನು ಹಗುರಾಗಿ ತಾಗಿಸಿದರು, ಅಷ್ಟೇ. ಬಿದ್ದ ದಿನವೇ ಮೂಳೆ ಸೀಳು ಬಿಟ್ಟಿತ್ತು ಎಂದರು. ಅಲುಗಿಸದೆ ಪಟ್ಟಿ ಕಟ್ಟಿ ಮಲಗಿಸಿದ್ದರೆ ಕೂಡಿಕೊಳ್ಳುತ್ತಿತ್ತು. ಊದಿ ಬಿಸಿಯಾದ ತೊಡೆಯನ್ನು ತಿಕ್ಕಬಾರದಾಗಿತ್ತು. ಈಗ ಒಳಗೆಲ್ಲ ಕೀವು. ಕೊಯ್ದು ತೆಗೆದರೆ ಜೀವ ಉಳಿದೀತು, ಆದರೆ ಈ ಕಾಲ ಮೇಲೆ ಇನ್ನು ನಿಲ್ಲಲಾರರು.

ಇಷ್ಟು ದಿನ ಒತ್ತಿದವರು ಯಾರು ಎಂದು ಪಂಡಿತರು ಕೇಳಿದರು. ಸೋಮಲಿಂಗ ಹರಳೆಣ್ಣೆಯ ಬಟ್ಟಲನ್ನು ಮಂಚದ ಕೆಳಗೆ ಸರಿಸಿದ.

ಪಂಡಿತರು ಕೀವು ತೆಗೆದು, ಜ್ವರ ಇಳಿದ ಮೇಲೆ ಒಂದು ಮಧ್ಯಾಹ್ನ ಸೋಮಲಿಂಗ ಮಂಚದ ಬಳಿ ಬಂದು ನಿಂತ. ಹೊರಗೆ ಬೇರೆ ಶಿಷ್ಯರು ಭಿಕ್ಷೆಯ ಜೋಳಿಗೆ ಹೊತ್ತು ಹೊರಟಿದ್ದರು.

"ಅಜ್ಜಾರೇ, ನೋಯುತ್ತದೆ ಅಂತ ಒಂದು ಮಾತು ಹೇಳಬಾರದಾಗಿತ್ತೇ?"

"ಕಾಲು ಎಳೆದುಕೊಂಡೆನಲ್ಲ."

"ಸೇವೆ ಮಾಡಿಸಿಕೊಳ್ಳುವುದಕ್ಕೆ ನಿಮಗೆ ಸಂಕೋಚ ಅಂದುಕೊಂಡೆ."

ಗುರುಗಳು ಗೋಡೆಯ ಕಡೆ ಮುಖ ಹೊರಳಿಸಿದರು.

"ಈ ದೇಹ ನಾನಲ್ಲ ಅಂತ ನಲವತ್ತು ವರ್ಷ ಊರಿಗೆಲ್ಲ ಹೇಳಿದವನು ನಾನು. ಅಯ್ಯೋ ಅಂದರೆ ನೀವೆಲ್ಲ ಏನೆಂದುಕೊಳ್ಳುತ್ತೀರೋ ಅಂತ ಹಲ್ಲು ಕಚ್ಚಿಕೊಂಡಿದ್ದೆ."

ಸೋಮಲಿಂಗ ಮಂಚದ ಕಾಲ ಬಳಿ ಕುಳಿತ. ತಾನಿನ್ನು ಯಾವ ಸೇವೆ ಮಾಡಲಿ ಎಂದು ಕೇಳಿದ. ಕೇಳುತ್ತಿದ್ದಂತೆಯೇ, ರೂಢಿಯ ಬಲದಿಂದ, ಕೈ ಗುರುಗಳ ಪಾದದ ಕಡೆ ಹೋಯಿತು.

"ಕೈ ತೆಗೆ," ಎಂದರು ಗುರುಗಳು. "ಈ ಕಡೆ, ತಲೆಯ ಹತ್ತಿರ ಬಂದು ಕೂತುಕೋ. ಇನ್ನು ಮೇಲೆ ನಾನು ನರಳುತ್ತೇನೆ. ನೀನು ಕೇಳು."