ಅರೆಜಪದ ಬಂಡೆ

ಇನ್ನಾಸಿಕೊಪ್ಪಲಿನ ಚರ್ಚಿನ ಹಿಂದೆ ಇಳಿದರೆ ಒಂದು ಹಳ್ಳ. ಅದರ ಆಚೆ ದಡದಲ್ಲಿ ಅಗಲವಾದ ಕರಿಬಂಡೆಯೊಂದಿದೆ. ಬಂಡೆಯ ಬೆನ್ನಿಗೆ, ಮಳೆ ಬಂದರೆ ಒಬ್ಬರು ಮುದುರಿ ಕೂರುವಷ್ಟು ಗುಹೆ. ಪಟ್ಟಣದಿಂದ ಬಂದವರು ‘ಇಷ್ಟೇನಾ?’ ಎಂದು ಮುಖ ಹಿಂಡುತ್ತಾರೆ. ಊರಿನವರು ಇದನ್ನು ಅರೆಜಪದ ಬಂಡೆ ಎಂದು ಕರೆಯುತ್ತಾರೆ. ಪವಾಡದ ಆಸೆಯಿಂದ ಬಂದವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು: ಈ ಹೆಸರು ಬಂದದ್ದು ಒಬ್ಬ ಹೆಂಗಸಿನ ಸಿಟ್ಟಿನಿಂದ ಎನ್ನುತ್ತಾರೆ.

ಹಿಂದೆ ಒಮ್ಮೆ, ಪಾದ್ರಿಗಳು ವರ್ಷಕ್ಕೊಮ್ಮೆ ಕುದುರೆಯೇರಿ ಬಂದು ಹೋಗುತ್ತಿದ್ದ ಕಾಲದಲ್ಲಿ, ಈ ಊರಿನ ಸಾಂತವ್ವನ ವಿಧವೆ ಸೊಸೆ ಜ್ಞಾನಮ್ಮನ ಕೈಮೇಲೆ ಕುಷ್ಠದ ಮಚ್ಚೆ ಕಾಣಿಸಿಕೊಂಡಿತಂತೆ. ಪಾದ್ರಿಗಳಿಲ್ಲದಾಗ ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಚೌರಪ್ಪ ಅವಳನ್ನು ಹಳ್ಳದಾಚೆಗೆ ಅಟ್ಟಿದ; ಅವಳೊಡನೆ ಮಾತಾಡಿದವರಿಗೂ ಅದೇ ಗತಿ ಎಂದು ಕಟ್ಟಪ್ಪಣೆ ಮಾಡಿದ. ಹೊರಟವಳ ಕೈಗೊಂದು ಜಪಮಾಲೆ ಕೊಟ್ಟು, ‘ಮೈತುಂಬ ಹುಣ್ಣೆದ್ರೂ ತಡ್ಕೊಂಡ ಬೈಬಲಿನ ಯೋಬನಂಗೆ ತಾಳ್ಮೆ ತಗೋಬೇಕು ಕಣಮ್ಮಿ’ ಎಂದನಂತೆ. ‘ಯೋಬನ ತಾವ ಮೂರು ಜನ ಗೆಳೆಯರಾದ್ರೂ ಬಂದು ಕುಂತಿದ್ರಲ್ಲ ಸ್ವಾಮಿ, ನನ್ನ ತಾವ ಯಾರು ಕೂರ್ತಾರೆ?’ ಎಂದು ಕೇಳಿ ಅವಳು ಹಳ್ಳ ದಾಟಿದಳು.

ಈ ಊರಿನಲ್ಲಿ ಜಪಮಾಲೆಯನ್ನು ಒಬ್ಬರೇ ಹೇಳುವ ಪದ್ಧತಿಯೇ ಇರಲಿಲ್ಲ. ಮಾತೆ ಮರಿಯಳನ್ನು ಹೊಗಳುವ ಮೊದಲರ್ಧವನ್ನು ಒಂದು ಸಾಲಿನವರು ಹೇಳಿದರೆ, ನಮಗಾಗಿ ಪ್ರಾರ್ಥಿಸು ಎಂದು ಬೇಡುವ ಇನ್ನರ್ಧವನ್ನು ಎದುರುಸಾಲಿನವರು ಹೇಳಬೇಕು. ಆಮೇಲೆಯೇ ಮಣಿ ಸರಿಯಬೇಕು. ಎರಡನ್ನೂ ಒಬ್ಬರೇ ಹೇಳಿದರೆ ಅದು ಜಪವೇ ಅಲ್ಲವೆಂದು ಜ್ಞಾನಮ್ಮ ಬಲವಾಗಿ ನಂಬಿದ್ದಳು. ಹಾಗಾಗಿ ಪ್ರತಿ ಸಂಜೆ ಬಂಡೆಯ ಮೇಲೆ ನಿಂತು ಮೊದಲರ್ಧವನ್ನು ಕೂಗಿ ಹೇಳಿ, ಕಾಯುತ್ತಿದ್ದಳು. ಈಚೆ ದಡದಲ್ಲಿ ಪಾತ್ರೆ ಬೆಳಗುತ್ತಿದ್ದವರು ತಲೆ ತಗ್ಗಿಸಿ ಮನೆಯ ದಾರಿ ಹಿಡಿಯುತ್ತಿದ್ದರು. ತಿಂಗಳುಗಟ್ಟಲೆ ಅವಳ ಬೆರಳು ಒಂದೇ ಮಣಿಯ ಮೇಲೆ ನಿಂತಿತ್ತು. ‘ಹೊಗಳೋ ಪಾಲು ನಂದು, ಬೇಡೋ ಪಾಲು ಊರೋರ್ದು! ನಿನ್ನ ಹೊಗಳಿ ಹೊಗಳಿ ಗಂಟ್ಲು ಹರಿದೋಯ್ತು ತಾಯಿ, ನನಗೋಸ್ಕರ ಒಬ್ರಾದ್ರೂ ಬಾಯಿ ಬುಡ್ತಾರಾ?’ ಎಂದು ಮಾತೆಯೊಡನೆಯೇ ಜಗಳಕ್ಕೆ ನಿಲ್ಲುತ್ತಿದ್ದಳಂತೆ. ಅವಳಿಗೆ ರೋಗಕ್ಕಿಂತ ಆ ಮೌನವೇ ಹೆಚ್ಚು ಸಂಕಟ ಕೊಡುತ್ತಿತ್ತು.

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಒಂದು ಸಂಜೆ ಅವಳಿಗೆ ಸಾಕುಸಾಕಾಯಿತು. ಜಪಮಾಲೆಯನ್ನು ಬಂಡೆಯ ಮೇಲೆ ಬಿಸುಟು, ಗುಹೆಯೊಳಗೆ ಬಾಯಿ ಬಿಗಿದು ಕುಳಿತಳು. ಅವಳ ಅತ್ತೆ ಸಾಂತವ್ವ ದಿನವೂ ಬಂದು ಹಳ್ಳದ ನಡುಗಲ್ಲಿನ ಮೇಲೆ ಮುದ್ದೆ ಇಟ್ಟು, ತುಟಿ ಬಿಚ್ಚದೆ ಹೋಗುತ್ತಿದ್ದವಳು. ಅಂದು ಮುದ್ದೆ ಇಟ್ಟವಳು ಹೋಗಲೇ ಇಲ್ಲ. ಅಲ್ಲೇ ನಿಂತು ಕೂಗಿದಳು: ‘ಯಾಕಮ್ಮಿ ನಿಲ್ಲಿಸ್ಬುಟ್ಟೆ? ಕಾಯ್ತಾ ನಿಂತಿವ್ನಿ.’

‘ಏನಕ್ಕೆ ಕಾಯ್ತೀಯ?’

‘ಇನ್ನರ್ಧ ಹೇಳಕ್ಕೆ. ದಿನಾ ಬಾಯಿಗೆ ಸೆರಗು ಇಟ್ಕೊಂಡು ಹೇಳ್ತಿದ್ದೆ. ಗಟ್ಟಿಯಾಗಿ ಹೇಳಿ ನನ್ನೂ ಅಟ್ಬುಟ್ರೆ, ನಿಂಗೆ ಮುದ್ದೆ ತರೋರ್ಯಾರು ಅಂತ ಹೆದ್ರಿದ್ದೆ ಕಣವ್ವ.’

ಜ್ಞಾನಮ್ಮನಿಗೆ ಮೊದಲು ಬಂದದ್ದು ರೋಷ. ‘ನನಗೇ ಕೇಳಿಸ್ದಿದ್ರೆ ಅದ್ಯಾತರ ಜಪ ಅತ್ತೆ! ಇಷ್ಟು ದಿನ ಬದುಕಿದ್ದೂ ಸತ್ತಂಗಿದ್ದೆನಲ್ಲ!’ ಎಂದು ಕೂಗಾಡಿದಳು. ಕೂಗಾಡುತ್ತಲೇ ಅತ್ತಳು. ಆಮೇಲೆ ಜಪಮಾಲೆಯನ್ನು ಹುಡುಕಿ ತೆಗೆದು ಮೊದಲರ್ಧ ಹೇಳಿದಳು. ಮುದುಕಿ ಸೆರಗು ಕೆಳಗೆ ಬಿಟ್ಟು ಉಳಿದರ್ಧವನ್ನು ಹೇಳಿದ ರಭಸಕ್ಕೆ ಉಪದೇಶಿಯೇ ಮನೆಯಿಂದ ಓಡಿಬಂದನಂತೆ. ಅವನು ಬಾಯಿ ತೆರೆಯುವ ಮೊದಲೇ ಸಾಂತವ್ವ, ‘ನನ್ನೂ ಅಟ್ಟಿ ಸ್ವಾಮಿ, ಅವಳ ಪಕ್ಕದಲ್ಲೇ ಕುಂತು ಹೇಳ್ತೀನಿ. ನಮ್ಮಿಬ್ರಿಗೂ ಮುದ್ದೆ ನೀವೇ ತಂದಿಕ್ಕಿ’ ಎಂದಳು. ಚೌರಪ್ಪ ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಿರುಗಿದ. ಆಚೆ ದಡದಲ್ಲಿ ಮಣಿ ಸರಿಯಿತು.

ರೋಗ ವಾಸಿಯಾಗಲಿಲ್ಲ. ಬೆರಳುಗಳು ಒಂದೊಂದಾಗಿ ಹೋದವು. ಆದರೂ ಜ್ಞಾನಮ್ಮ ಬಹಳ ವರ್ಷ ಬದುಕಿದಳು. ಪ್ರತಿ ಸಂಜೆ ಮೊದಲು ಮಾತೆಯನ್ನು ಬೈದು, ಆಮೇಲೆ ಹೊಗಳುತ್ತಿದ್ದಳಂತೆ. ಸಾಂತವ್ವನ ಪಕ್ಕದಲ್ಲಿ ಮೊದಲು ನೆರೆಮನೆಯವಳು ನಿಂತಳು, ಬರಬರುತ್ತ ಅರ್ಧ ಊರೇ ನಿಂತಿತು. ತಾಳ್ಮೆಯೆಂದರೆ ಸುಮ್ಮನಿರುವುದು ಎಂದು ಯಾರಾದರೂ ಬೋಧಿಸಿದರೆ ಈ ಊರಿನ ಹೆಂಗಸರಿಗೆ ಇಂದಿಗೂ ನಗು ಬರುತ್ತದೆ.

ಈಗಲೂ ನೊಂದವರು ಬಂದು ಬಂಡೆಯ ಮೇಲೆ ನಿಂತು, ಮೊದಲರ್ಧ ಹೇಳಿ ನಿಲ್ಲಿಸುವುದನ್ನು ನೋಡಬಹುದು. ಈಚೆ ದಡದಲ್ಲಿ ಬಟ್ಟೆ ಒಗೆಯುವವರು, ದನ ಮೇಯಿಸುವವರು, ಯಾವ ದೇವರ ಒಕ್ಕಲಾದರೂ ಸರಿ, ಕೈಯಲ್ಲಿದ್ದದ್ದನ್ನು ಬಿಟ್ಟು ಉಳಿದರ್ಧವನ್ನು ಕೂಗಿ ಹೇಳುತ್ತಾರೆ. ಯಾರು, ಏನು ಕಷ್ಟ ಎಂದು ವಿಚಾರಿಸುವುದಿಲ್ಲ. ಆಚೆಯವರಿಗೆ ಕೇಳಿಸಿತೇ ಎಂದು ಮಾತ್ರ ತಲೆಯೆತ್ತಿ ನೋಡುತ್ತಾರೆ.