ಕೆಂಪು ಚುಕ್ಕೆಯ ಕರ್ಣಕುಂಡಲ

ಒಂದು ಕಾಡಿನಲ್ಲಿ, ಹಳ್ಳದ ದಡದ ಮೇಲೆ, ದುಂಡಿ ಎಂಬ ಮೊಲ ತನ್ನ ಅಜ್ಜಿಯೊಡನೆ ಬಾಳುತ್ತಿದ್ದಳು. ಗುಡಿಸಲಿನ ಮುಂದೆ ಅಜ್ಜಿಯ ಪುಟ್ಟ ಕೈತೋಟ. ಅಲ್ಲಿ ಚೆಂಡುಹೂ, ಕೊತ್ತಂಬರಿ, ಕಾಮಕಸ್ತೂರಿ ಎಲ್ಲ ಇದ್ದವು. ಎಲ್ಲಕ್ಕಿಂತ ಚೆಂದದ್ದು ಬಿಳಿ ಎಸಳಿನ ಮೇಲೆ ಕೆಂಪು ಚುಕ್ಕೆಯ ಕರ್ಣಕುಂಡಲ. ಅಜ್ಜಿ ಕೊತ್ತಂಬರಿ ಕಾಳನ್ನು ಅಂಗಾಲಿನಲ್ಲಿ ಉಜ್ಜಿ ಎರಡು ಹೋಳು ಮಾಡುತ್ತಿದ್ದಳು. "ಮೇಲೆ ಒಂದಿಷ್ಟೇ ಮಣ್ಣು ಉದುರಿಸು ಕಣೇ, ಹೂತು ಹಾಕಬೇಡ" ಎನ್ನುತ್ತಿದ್ದಳು. ಬೀಜ ಬಲಿತಾಗ ಅರ್ಧ ಮನೆಗೆ, ಅರ್ಧ ನೆರೆಹೊರೆಗೆ. ಬೇಡ ಅಂದವರನ್ನೂ ಅಜ್ಜಿ ಬಿಡುತ್ತಿರಲಿಲ್ಲ! ಎಂಥ ದಿನಗಳವು!

ಒಂದು ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡಳು. ಆ ವರ್ಷದ ಕರ್ಣಕುಂಡಲದ ಬೀಜವೆಲ್ಲ ಬೂದಿ ಬೆರೆಸಿದ ಕುಡಿಕೆಯಲ್ಲಿ ಹಾಗೇ ಉಳಿದಿತ್ತು.

ಆಗ ಆ ಕಾಡಿನಲ್ಲಿ ಹೊಸದಾಗಿ ಬಿಲ ತೋಡಿದ್ದ ಹೆಗ್ಗಣ ಡೊಂಕಪ್ಪ ಬಂದ. ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತು ಅವನದು.

"ಸಿಕ್ಕಸಿಕ್ಕವರಿಗೆ ಹಂಚಿ ನಿಮ್ಮಜ್ಜಿ ಏನು ಕಂಡಳು ದುಂಡಮ್ಮ? ನಿನ್ನ ಹತ್ತಿರ ಮಾತ್ರ ಇದ್ದರೆ ಎಲ್ಲರೂ ನಿನ್ನ ಬಾಗಿಲಿಗೇ ಬರ್ತಾರೆ. ಆದರೆ ನಿನ್ನ ಗುಡಿಸಲು ಸೋರುತ್ತೆ. ನನ್ನ ಬಿಲದಲ್ಲಿಡು."

"ಅಜ್ಜಿಯದು ಅಂತ ಉಳಿದಿರೋದು ಇದೊಂದೇ, ಮಾವ."

"ಅದಕ್ಕೇ ಅಲ್ವಾ, ಜೋಪಾನವಾಗಿರಲಿ ಅಂತ ಹೇಳ್ತಿರೋದು!"

ದುಂಡಿ ಮರುಳಾದಳು. ಆ ವರ್ಷ ಯಾರಿಗೂ ಒಂದು ಕಾಳೂ ಕೊಡದೆ ಕುಡಿಕೆಯನ್ನು ಅವನಿಗೆ ಒಪ್ಪಿಸಿದಳು.

ಮೊದಲ ಮಳೆ ಬಿದ್ದಾಗ ಕೇಳಲು ಹೋದಳು. "ಯಾವ ಕುಡಿಕೆ? ಓ, ಅದಾ? ಗೆದ್ದಲು ತಿಂತು" ಎಂದ ಡೊಂಕಪ್ಪ. ದುಂಡಿ ಬರಿಗೈಯಲ್ಲಿ ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತಳು.

ಇತ್ತ ಡೊಂಕಪ್ಪ ಬಚ್ಚಿಟ್ಟಿದ್ದ ಆ ಕುಡಿಕೆಯನ್ನೇ ತೆಗೆದುಕೊಂಡು ಬಿತ್ತನೆಗೆ ಹೊರಟ. ಪಾಪ, ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸ, ತೋಡುವುದು! ಯಾರೂ ಕದಿಯಬಾರದೆಂದು ಆಳವಾದ ಗುಂಡಿ ತೋಡಿ, ಒಂದು ಕಾಳೂ ಉಳಿಸದೆ ಸುರಿದು, ಮಣ್ಣು ತುಳಿದು ಗಟ್ಟಿ ಮಾಡಿದ. ವಾರ ಕಳೆಯಿತು, ತಿಂಗಳು ಕಳೆಯಿತು. ಒಂದು ಮೊಳಕೆಯೂ ಮೇಲೆ ಬರಲಿಲ್ಲ. ಕೆದಕಿ ನೋಡಿದರೆ ಎಲ್ಲವೂ ಕೊಳೆತಿತ್ತು.

ಮಳೆಗಾಲ ಮುಗಿಯುತ್ತಾ ಬಂತು. ಒಂದು ಬೆಳಿಗ್ಗೆ ದುಂಡಿ ಮುಳ್ಳುಹಂದಿ ಕರಿಯವ್ವನ ಮನೆಯ ಮುಂದೆ ಗಕ್ಕನೆ ನಿಂತಳು. ಬೇಲಿಯುದ್ದಕ್ಕೂ ಬಿಳಿ ಎಸಳು, ಕೆಂಪು ಚುಕ್ಕೆ! ಅಜ್ಜಿ ಅಲ್ಲೇ ಎಲ್ಲೋ ಬಗ್ಗಿ ಕಳೆ ಕೀಳುತ್ತಿದ್ದಾಳೆ ಅನ್ನಿಸಿ ಅವಳ ಕಣ್ಣು ತುಂಬಿ ಬಂತು.

"ಕರಿಯವ್ವ, ಈ ಸಲ ನಾನು ನಿನಗೆ ಒಂದು ಬೀಜವನ್ನೂ ಕೊಡಲಿಲ್ಲ. ಈಗ ಕೇಳೋಕೆ ನನಗೆ ಮುಖವಿಲ್ಲ."

"ನನ್ನನ್ನೇನು ಕೇಳೋದು ಮಗಳೇ? ಇದು ನಿಮ್ಮಜ್ಜಿಯದೇ. ಜಿಂಕೆ ಮನೆ ನೋಡು, ನವಿಲಿನ ಮನೆ ನೋಡು, ಎಲ್ಲ ಕಡೆ ಅವಳು ಕೊಟ್ಟದ್ದೇ ಇದೆ." ಕರಿಯವ್ವ ಬಲಿತ ಕಾಯಿಗಳನ್ನು ಮುಟ್ಟಿದಳು. ಅವು ಪಟಪಟ ಒಡೆದು ಬೀಜ ದುಂಡಿಯ ಬೊಗಸೆಗೆ ಬಿತ್ತು.

ದುಂಡಿ ಅರ್ಧವನ್ನು ಮನೆಯ ಮುಂದೆ ಬಿತ್ತಿದಳು. ಉಳಿದರ್ಧವನ್ನು ಇಲ್ಲದವರಿಗೆ ಕೊಡೋಣವೆಂದು ಹೊರಟಳು. ಇಡೀ ಕಾಡು ಸುತ್ತಿದರೂ ಆ ಹೂವಿಲ್ಲದ ಮನೆ ಸಿಕ್ಕಿದ್ದು ಒಂದೇ. ಡೊಂಕಪ್ಪ ತಲೆ ತಗ್ಗಿಸಿ ಕೈಯೊಡ್ಡಿದ.

ನೀತಿ: ಒಳ್ಳೆಯದನ್ನು ಹಂಚಿದರೆ ಅದು ಉಳಿಯುತ್ತದೆ, ಒಬ್ಬನೇ ಕಬಳಿಸಿದರೆ ಅವನಿಗೂ ದಕ್ಕುವುದಿಲ್ಲ.