ಕಾವಲು ಕೂತವರ ಪಾಲು

ಹರಟೆಮಲ್ಲ ಹಕ್ಕಿಗಳ ಕೂಡುಕುಟುಂಬದಲ್ಲಿ ಎಲ್ಲರೂ ನೆಲದಲ್ಲಿ ಹುಳ ಹೆಕ್ಕುವಾಗ ಒಬ್ಬರು ಕೊಂಬೆಯ ಮೇಲೆ ಕಾವಲು ಕೂರಬೇಕು. ಸರದಿ ಎಂಬುದು ಹೆಸರಿಗಷ್ಟೇ. ದಿನಾ ಕೂರುತ್ತಿದ್ದವಳು ಅಜ್ಜಿ. "ನಿನ್ನ ಪಾಲು ಎತ್ತಿಡ್ತೀವಿ ಅವ್ವಾ" ಎನ್ನುತ್ತಿದ್ದ ಮಗ ಒಂದು ದಿನವೂ ಎತ್ತಿಡಲಿಲ್ಲ. ಪಕ್ಕದಲ್ಲಿ ಕೂತ ಮೊಮ್ಮಗಳು ಯಾಕೆ ಏನೂ ತಿನ್ನಲಿಲ್ಲವೆಂದು ಕೇಳಿದರೆ, ಮಗನ ಮಾನ ಕಾಯಲು ಅಜ್ಜಿ, "ನನಗೆ ಹಸಿವಿಲ್ಲ ಕಂದಾ" ಎನ್ನುತ್ತಿದ್ದಳು.

ಅಜ್ಜಿಯ ಕಣ್ಣು ಮಂಜಾಗಿ ಕಾವಲು ಮೊಮ್ಮಗಳಿಗೆ ಬಂತು. ಮೊದಲ ದಿನವೇ ಗಿಡುಗ ಎರಗಿ ಅವಳ ತಮ್ಮನನ್ನು ಹೊತ್ತೊಯ್ದಿತು. ಕೊಂಬೆಯಿಂದ ಕೂಗೇ ಬರಲಿಲ್ಲ. ಕಾವಲಿನವಳು ಪೊದೆಯ ಮರೆಯಲ್ಲಿ ಹುಳ ನುಂಗುತ್ತಿದ್ದಳು.

"ನಿಮ್ಮಜ್ಜಿ ಒಂದು ದಿನವಾದರೂ ಕೊಂಬೆ ಬಿಟ್ಟು ಇಳಿದಿದ್ಲೇನೇ?" ಎಂದು ಅಪ್ಪ ಗದರಿದ.

"ಕಾವಲು ಕೂತವರಿಗೆ ನೀವು ಏನೂ ಎತ್ತಿಡಲ್ಲವಲ್ಲ ಅಪ್ಪಾ," ಎಂದಳು ಮಗಳು. "ಅಜ್ಜಿಗಾದರೆ ಹಸಿವಾಗ್ತಿರಲಿಲ್ಲ. ನನಗೆ ಆಗುತ್ತೆ."